ಕೆರೆ ಇದೆ, ನೀರುಗಂಟಿ ಎಲ್ಲಿ?

ನಮ್ಮ ಗ್ರಾಮ ಪಂಚಾಯಿತಿಗಳ ಸಿಬ್ಬಂದಿ ಪಟ್ಟಿಯಲ್ಲಿ ಇಂದಿಗೂ ‘ನೀರುಗಂಟಿ’ ಎಂಬ ಹೆಸರು ಉಳಿದಿದೆ. ಕೊಳವೆಬಾವಿಯ ಮೋಟಾರು ಹಾಕುವುದು, ಓವರ್‌ಹೆಡ್ ಟ್ಯಾಂಕ್ ತುಂಬಿಸುವುದು, ಸರದಿಯಂತೆ ಬೀದಿಬೀದಿಗೆ ವಾಲ್ವ್ ತಿರುಗಿಸುವುದು ಅವರ ಕೆಲಸ. ಇದೇ ಹೆಸರಿನವರು ಹಿಂದೆ ಕೆರೆಯ ತೂಬಿನ ಬಳಿ ಇರುತ್ತಿದ್ದರು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಹೋಗಬೇಕು, ಏರಿಯಲ್ಲಿ ಎಲ್ಲಿ ಜಿನುಗುತ್ತಿದೆ, ಕೋಡಿ ಬೀಳುವ ಮುನ್ನ ರಾಜಕಾಲುವೆಯಲ್ಲಿ ಏನು ಅಡ್ಡ ಬಿದ್ದಿದೆ ಎಂದು ನೋಡಿಕೊಳ್ಳುವುದು ಅವರ ಪಾಲಿನ ಕೆಲಸವಾಗಿತ್ತು. ಹೆಸರು ಉಳಿದು ಕೆಲಸ ಬದಲಾದ ಈ ಒಂದು ಸಂಗತಿಯಲ್ಲೇ ಕರ್ನಾಟಕದ ಜಲಪರಂಪರೆಗೆ ಏನಾಯಿತು ಎಂಬುದು ಕಾಣುತ್ತದೆ. ಕೆರೆಗಳಿಗೇನೂ ಕೊರತೆಯಿಲ್ಲ, ರಾಜ್ಯದಲ್ಲಿ ಸುಮಾರು 36 ಸಾವಿರ ಕೆರೆಗಳಿವೆ. ಅವನ್ನು ವರ್ಷವಿಡೀ ನೋಡಿಕೊಳ್ಳುವ ಏರ್ಪಾಡು ಮಾತ್ರ ಇಲ್ಲವಾಗಿದೆ. ನಾವು ಕಳೆದುಕೊಂಡ ನಿಜವಾದ ಪರಂಪರೆ ಆ ಏರ್ಪಾಡು. ಅದನ್ನು ಮರಳಿ ಕಟ್ಟದೆ ಎಷ್ಟು ಹೂಳೆತ್ತಿದರೂ, ಎಷ್ಟು ಕಲ್ಯಾಣಿಗಳಿಗೆ ಸುಣ್ಣ ಬಳಿದರೂ ನೀರಿನ ಭದ್ರತೆ ಬರುವುದಿಲ್ಲ ಎಂಬುದು ಈ ಬರಹದ ವಾದ.

ಸಾಕ್ಷ್ಯ ಬೇಕಿದ್ದರೆ ಶಾಸನಗಳನ್ನೇ ನೋಡಬಹುದು. ಕದಂಬರ ಚರಿತ್ರೆಗೆ ಮುಖ್ಯ ಆಧಾರವೆಂದು ನಾವು ಓದುವ ತಾಳಗುಂದದ ಸ್ತಂಭಶಾಸನ ಹುಟ್ಟಿದ್ದೇ ಒಂದು ಕೆರೆಯ ನೆಪದಲ್ಲಿ. ಕಾಕುಸ್ಥವರ್ಮ ಕಟ್ಟಿಸಿದ ಜಲಾಶಯವನ್ನು ಹೇಳಹೊರಟ ಪದ್ಯಗಳಲ್ಲಿ ವಂಶದ ಕಥೆ ಬಂತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಮಯೂರಶರ್ಮನ ಹೆಸರು ಸಿಗುವುದೂ ಕೆರೆಯ ಶಾಸನದಲ್ಲೇ. ಮುಂದಿನ ಶತಮಾನಗಳ ಶಾಸನಗಳಲ್ಲಿ ಬಿಟ್ಟುವಟ್ಟ, ಕಟ್ಟುಕೊಡಗೆ, ಕೆರೆಗೊಡಗೆ, ದಶವಂದ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೆರೆ ಕಟ್ಟಿದವರಿಗೆ, ಒಡೆದ ಕೆರೆಯನ್ನು ಸರಿಪಡಿಸಿದವರಿಗೆ, ಕೆಲವೆಡೆ ಹೂಳು ಹೊರುವ ಬಂಡಿಯನ್ನು ನಡೆಸಿಕೊಂಡು ಬರುವವರಿಗೆ ಬಿಟ್ಟುಕೊಟ್ಟ ಭೂಮಿ ಅಥವಾ ಫಸಲಿನ ಪಾಲು ಇವು. ಕೆರೆಯ ಬಂಡಿಗೆಂದೇ ದತ್ತಿ ಬಿಟ್ಟ ಉದಾಹರಣೆಗಳನ್ನು ಗಮನವಿಟ್ಟು ಓದಬೇಕು. ಕೆರೆ ಕಟ್ಟಿದ ದಿನವೇ ಅದು ಹೂಳು ತುಂಬಲು ಶುರುವಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಆದ್ದರಿಂದ ಕಟ್ಟುವ ಖರ್ಚಿನ ಜೊತೆಗೆ ಉಳಿಸಿಕೊಳ್ಳುವ ಖರ್ಚಿಗೂ ಆಗಲೇ ದಾರಿ ಮಾಡಿಟ್ಟರು. ಆ ದತ್ತಿಗೆ ಕೈಹಾಕಿದವರು ಗಂಗೆಯ ತಡಿಯಲ್ಲಿ ಗೋವನ್ನು ಕೊಂದ ಪಾಪಕ್ಕೆ ಹೋಗುತ್ತಾರೆ ಎಂದು ಕಲ್ಲಿನಲ್ಲಿ ಕೆತ್ತಿಸಿದ್ದು ನಿರ್ವಹಣೆಯ ಹಣ ಬೇರೆ ಬಾಬ್ತಿಗೆ ಹೋಗದಿರಲಿ ಎಂಬ ಭಯದಿಂದ. ನಮ್ಮ ಆಯವ್ಯಯ ಪತ್ರಗಳಲ್ಲಿ ಅಂಥ ಭಯ ಎಲ್ಲೂ ಕಾಣುವುದಿಲ್ಲ.

ವಿಜಯನಗರದ ಕಾಲದ ಇನ್ನೊಂದು ಶಾಸನವನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಅದು ಈಗಿನ ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿದೆ; ಬುಕ್ಕರಾಯನ ಮಗ ಭಾಸ್ಕರ 1369ರಲ್ಲಿ ಕಟ್ಟಿಸಿದ ಕೆರೆಯದು. ದಿನಕ್ಕೆ ಸಾವಿರ ಆಳು, ನೂರು ಬಂಡಿಯಂತೆ ಎರಡು ವರ್ಷ ಕೆಲಸ ನಡೆಯಿತು ಎಂದು ಅದು ಹೇಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ತಗಲುವ ಆರು ದೋಷಗಳನ್ನೂ ಪಟ್ಟಿ ಮಾಡುತ್ತದೆ. ಜಲಶಾಸ್ತ್ರ ಬಲ್ಲವನು, ಗಟ್ಟಿ ಜೇಡಿಯ ನೆಲ, ನುರಿತ ಕೆಲಸಗಾರರು, ಹತ್ತಿರದಲ್ಲೇ ಕಲ್ಲಿನ ಗಣಿ, ಏರಿಯ ಕೆಳಗೆ ಫಲವತ್ತಾದ ಸಮನೆಲ ಇವು ಅಂಗಗಳಲ್ಲಿ ಕೆಲವು. ದೋಷಗಳಲ್ಲಿ ಏರಿಯಿಂದ ನೀರು ಜಿನುಗುವುದು, ಚೌಳು ಮಣ್ಣು, ಕೆರೆಯಂಗಳದ ನಡುವೆ ದಿಬ್ಬ ಇರುವುದು ಯಾರಿಗೂ ತಿಳಿಯುವಂಥವು. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದೂ ಒಂದು ದೋಷ. ಕಾವೇರಿ, ಕೃಷ್ಣಾ ವ್ಯಾಜ್ಯಗಳನ್ನು ದಶಕಗಟ್ಟಲೆ ಕಂಡ ನಮಗೆ ಅದರ ಅರ್ಥ ಹೇಳಿಕೊಡಬೇಕಾಗಿಲ್ಲ. ಉಳಿದೆರಡು ಇನ್ನೂ ಸೂಕ್ಷ್ಮ. ನೀರು ಕಡಿಮೆಯಿದ್ದು ಉಣಿಸಬೇಕಾದ ನೆಲ ಹೆಚ್ಚಿದ್ದರೆ ಅದು ದೋಷ. ನೀರು ಹೆಚ್ಚಿದ್ದು ನೆಲ ಕಡಿಮೆಯಿದ್ದರೆ ಅದೂ ದೋಷ. ಸಿಗುವಷ್ಟಕ್ಕೆ ತಕ್ಕಂತೆ ಬಳಕೆ, ಬಳಕೆಗೆ ತಕ್ಕಂತೆ ಸಂಗ್ರಹ. ಸುಸ್ಥಿರ ಅಭಿವೃದ್ಧಿ ಎಂದು ಈಗ ನಾವು ಹೇಳುವುದರ ತಿರುಳು ಆರು ಶತಮಾನಗಳ ಹಿಂದೆಯೇ ಎಂಜಿನಿಯರಿಂಗ್ ನಿಯಮವಾಗಿ ಕಲ್ಲಿನ ಮೇಲಿತ್ತು. ಆ ಕೆರೆ ಈಗಲೂ ನೀರುಣಿಸುತ್ತಿದೆ. 2020ರಲ್ಲಿ ಅಂತರರಾಷ್ಟ್ರೀಯ ನೀರಾವರಿ ಆಯೋಗ ಅದನ್ನು ವಿಶ್ವ ಪಾರಂಪರಿಕ ನೀರಾವರಿ ರಚನೆಗಳ ಪಟ್ಟಿಗೆ ಸೇರಿಸಿತು.

ಒಂದೊಂದು ಕೆರೆಯನ್ನೂ ಬಿಡಿಯಾಗಿ ನೋಡುವ ರೂಢಿ ನಮ್ಮದು. ಹಳೆಯ ಮೈಸೂರಿನ ಬಯಲುಸೀಮೆಯಲ್ಲಿ ಬಿಡಿ ಕೆರೆ ಎಂಬುದು ಕಡಿಮೆ. ಮೇಲಿನ ಕೆರೆಯ ಕೋಡಿ ನೀರು ಹಳ್ಳವಾಗಿ ಕೆಳಗಿನ ಕೆರೆಗೆ, ಅಲ್ಲಿಂದ ಮತ್ತೊಂದಕ್ಕೆ ಹೋಗುವ ಸರಣಿ ಅದು. ಮಳೆ ಕೆಲವೇ ದಿನ ಬೀಳುವ, ಜೀವನದಿ ಇಲ್ಲದ ನೆಲದಲ್ಲಿ ಬಿದ್ದ ನೀರನ್ನು ಹಂತಹಂತವಾಗಿ ತಡೆದು, ಇಂಗಿಸಿ, ಮಿಕ್ಕಿದ್ದನ್ನಷ್ಟೇ ಕೆಳಗೆ ಬಿಡುವ ಉಪಾಯ. 1866ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ, ಸಂಸ್ಥಾನದ ನೆಲದ ಸುಮಾರು ಶೇ 60ರಷ್ಟು ಭಾಗ ಕೆರೆಗಳ ವ್ಯವಸ್ಥೆಗೆ ಒಳಪಟ್ಟಿದೆ, ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂಬರ್ಥದಲ್ಲಿ ಬರೆದಿದ್ದ. ಇಂಥ ಸರಣಿಯಲ್ಲಿ ಮೇಲಿನ ಊರಿನವರು ಕೋಡಿಯನ್ನು ಒಂದಡಿ ಎತ್ತರಿಸಿದರೂ ಕೆಳಗಿನವರ ಪಾಲಿಗೆ ಕುತ್ತು. ಹಾಗಾಗಿ ಕೋಡಿಯ ಮಟ್ಟ, ತೂಬಿನ ಗಾತ್ರ, ಅಚ್ಚುಕಟ್ಟಿನ ವಿಸ್ತಾರ ಎಲ್ಲಕ್ಕೂ ಊರೂರುಗಳ ನಡುವಿನ ಒಪ್ಪಂದದ ಬಲ ಬೇಕಿತ್ತು. ಕೆರೆ ಅರ್ಧವೇ ತುಂಬಿದ ವರ್ಷ ಕೋಲಾರದ ಕಡೆ ‘ದಾಮಾಷಾ’ ಪದ್ಧತಿ ನಡೆಯುತ್ತಿತ್ತು. ಪ್ರತಿಯೊಬ್ಬರೂ ಅಚ್ಚುಕಟ್ಟಿನಲ್ಲಿ ತಮ್ಮ ಹಿಡುವಳಿಗೆ ತಕ್ಕ ಪ್ರಮಾಣದಲ್ಲಿ ನೆಲವನ್ನು ಕಡಿತ ಮಾಡಿಕೊಂಡು, ಇರುವ ನೀರಿಗೆ ಆಗುವಷ್ಟೇ ಬೇಸಾಯ ಮಾಡುವುದು ಅದರ ಕ್ರಮ. ಬರವನ್ನು ಹಂಚಿಕೊಳ್ಳುವ ವಿಧಾನ ಅದು. ಬೇಸಿಗೆಯಲ್ಲಿ ತೆಗೆದ ಕೆರೆಮಣ್ಣು ಹೊಲಕ್ಕೆ ಗೊಬ್ಬರವಾಗಿ ಹೋಗುತ್ತಿತ್ತು; ಹೂಳು ಅವರಿಗೆ ಎಲ್ಲಿ ಸುರಿಯುವುದೆಂದು ತಲೆಕೆಡಿಸಿಕೊಳ್ಳುವ ಕಸವಾಗಿರಲಿಲ್ಲ.

ಈ ಏರ್ಪಾಡು ಒಂದೇ ಏಟಿಗೆ ಮುರಿಯಲಿಲ್ಲ. ಬ್ರಿಟಿಷ್ ಕಾಲದಲ್ಲಿ ಇನಾಮುಗಳ ಮೇಲೆ ಕಂದಾಯದ ಕಣ್ಣು ಬಿತ್ತು, ಕೆರೆ ಲೋಕೋಪಯೋಗಿ ಇಲಾಖೆಯ ಸೊತ್ತಾಯಿತು. ಸ್ವಾತಂತ್ರ್ಯದ ನಂತರ 1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಮಾಡಿತು. ಅದು ಆಗಬೇಕಾದ ಕೆಲಸವೇ. ಆದರೆ ಶಾನುಭೋಗರ ಜಾಗಕ್ಕೆ ಸಂಬಳದ ಗ್ರಾಮಲೆಕ್ಕಿಗ ಬಂದರು. ತೂಬಿನ ನೀರುಗಂಟಿಯ ಜಾಗಕ್ಕೆ ಯಾರೂ ಬರಲಿಲ್ಲ. ಲೆಕ್ಕ ಬರೆಯುವುದು ರಾಜ್ಯದ ಕೆಲಸವೆನಿಸಿತು, ನೀರು ಹಂಚುವುದು ಯಾರ ಕೆಲಸವೂ ಆಗಲಿಲ್ಲ. ಅದೇ ಹೊತ್ತಿಗೆ ಕೊಳವೆಬಾವಿ ಬಂತು. ತನ್ನ ಹೊಲದಲ್ಲೇ, ತನ್ನ ಸ್ವಿಚ್ಚಿನಲ್ಲೇ ನೀರು ಸಿಗುವಾಗ ಏರಿ ಕಾಯಲು ಯಾರು ಹೋಗುತ್ತಾರೆ? 2008ರಿಂದ 10 ಅಶ್ವಶಕ್ತಿವರೆಗಿನ ಕೃಷಿ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತವಾಯಿತು. ರೈತರನ್ನು ಇದಕ್ಕಾಗಿ ದೂರುವುದು ಅನ್ಯಾಯ. ಕೆರೆ ಕೈಕೊಟ್ಟಾಗ ಅವರಿಗೆ ಉಳಿದದ್ದು ಅದೊಂದೇ ದಾರಿ. ಆದರೆ ನಾಡಿನಲ್ಲೇ ಅತಿ ಹೆಚ್ಚು ಕೆರೆಗಳ ಜಿಲ್ಲೆ ಎನಿಸಿಕೊಂಡ ಕೋಲಾರ ಸಾವಿರ ಅಡಿ ಕೊರೆದರೂ ನೀರು ಸಿಗದ, ಸಿಕ್ಕರೆ ಫ್ಲೋರೈಡ್ ಬೆರೆತ ನೀರು ಸಿಗುವ ಸ್ಥಿತಿಗೆ ಬಂದದ್ದು ಇದೇ ದಾರಿಯಲ್ಲಿ. ಕೆರೆ ಇಂಗಿಸುತ್ತಿದ್ದ ನೀರನ್ನೇ ಕೊಳವೆಬಾವಿ ಎತ್ತುತ್ತಿತ್ತು. ಕೆರೆ ಬತ್ತಿದ ಮೇಲೆ ಎತ್ತುವುದಕ್ಕೇ ನೀರಿಲ್ಲವಾಯಿತು.

ಇನ್ನು ನಾವು ‘ಪರಂಪರೆ’ ಎಂದು ಕಾಪಾಡುತ್ತಿರುವುದಾದರೂ ಏನನ್ನು? ಹಂಪಿಗೆ 1986ರಲ್ಲಿ ವಿಶ್ವ ಪರಂಪರೆಯ ಸ್ಥಾನ ಸಿಕ್ಕಿತು. ಪ್ರವಾಸಿಗಳು ಕಲ್ಲಿನ ರಥವನ್ನೂ ಮೆಟ್ಟಿಲುಗಳ ಪುಷ್ಕರಣಿಯನ್ನೂ ನೋಡುತ್ತಾರೆ. ಅವರು ದಾರಿಯಲ್ಲಿ ದಾಟಿಹೋಗುವ ಭತ್ತ, ಬಾಳೆಯ ತೋಟಗಳಿಗೆ ನೀರುಣಿಸುವುದು ವಿಜಯನಗರದ ಅರಸರ ಕಾಲದ ತುರ್ತು ಕಾಲುವೆ. ತುಂಗಭದ್ರೆಗೆ ಅಡ್ಡಲಾದ ಅಣೆಕಟ್ಟೆಯಿಂದ ಹೊರಡುವ ಆ ಕಾಲುವೆ ಈಗಲೂ ಹರಿಯುತ್ತಿದೆ. ಪುಷ್ಕರಣಿ ಸುಂದರ, ಆದರೆ ಐನೂರು ವರ್ಷ ಕೆಲಸ ಬಿಡದೆ ಬಂದಿರುವ ಕಾಲುವೆಯ ಮುಂದೆ ಅದು ಚಿಕ್ಕದು. ಕಾಲುವೆ ಉಳಿದದ್ದು ಅದರ ನೀರನ್ನು ನಂಬಿ ಬದುಕುವವರು ಉಳಿದಿದ್ದರಿಂದ. ಅಲ್ಲೇ ಹೊಸಪೇಟೆಯ ಬಳಿ, ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಸಾವಿರಾರು ಜನ ಕಟ್ಟುತ್ತಿದ್ದುದನ್ನು ಕಂಡು ಬೆರಗಾಗಿ ಬರೆದಿಟ್ಟ ಕೆರೆ ಎಂದು ಗುರುತಿಸಲಾಗುವ ರಾಯರ ಕೆರೆ ಕೆರೆಯಾಗಿ ಉಳಿದಿಲ್ಲ. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಕಾರೇಜ್ ಇದೆ. ನೆಲದೊಳಗೆ ಕೊರೆದ ಸುರಂಗ, ಅದಕ್ಕೆ ಸಾಲಾಗಿ ಗಾಳಿಬಾವಿಗಳು, ಇಳಿಜಾರಿನಲ್ಲಿ ತಾನಾಗಿ ಹರಿದು ಬರುವ ಅಂತರ್ಜಲ. ಕಳೆದ ದಶಕದಲ್ಲಿ ಹೂಳು ತೆಗೆದಾಗ ನೀರು ಮತ್ತೆ ಕಾಣಿಸಿತು, ಸಂತೋಷವೂ ಆಯಿತು. ಆದರೆ ಕಾರೇಜಿನ ಜೀವ ಇರುವುದು ಸುರಂಗಕ್ಕೆ ನೀರು ಜಿನುಗಿಸುವ ಮೇಲಿನ ನೆಲದಲ್ಲಿ. ಅಲ್ಲಿ ಬಡಾವಣೆ ಎದ್ದು, ಕೊಳವೆಬಾವಿ ಕೊರೆದರೆ ಸುರಂಗವೆಷ್ಟು ಶುದ್ಧವಾಗಿದ್ದರೂ ಅದೊಂದು ಒಣ ಗುಹೆ. ಇದಕ್ಕೆ ತದ್ವಿರುದ್ಧವಾಗಿ ದಕ್ಷಿಣ ಕನ್ನಡ, ಕಾಸರಗೋಡಿನ ಮುರಕಲ್ಲಿನ ಗುಡ್ಡಗಳಲ್ಲಿ ಸುರಂಗಗಳು ಇನ್ನೂ ಬಳಕೆಯಲ್ಲಿವೆ. ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗಗಳನ್ನು ಕೊರೆದು ತೋಟ ಮಾಡಿದ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂತು. ಅಲ್ಲಿ ಸುರಂಗಕ್ಕೆ ಒಡೆಯರಿದ್ದಾರೆ, ಅದರ ನೀರು ಕುಡಿಯುವವರಿದ್ದಾರೆ.

ಬೆಂಗಳೂರಿನಲ್ಲಂತೂ ಕೆರೆಯ ಪುನರುಜ್ಜೀವನವೆಂದರೆ ಬೇಲಿ, ವಾಯುವಿಹಾರದ ದಾರಿ, ಆಲಂಕಾರಿಕ ದೀಪ, ಒಂದು ಆರ್ಚ್ ಎಂದಾಗಿದೆ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಉಳಿದವುಗಳಲ್ಲಿ ಬೆಳ್ಳಂದೂರು ಕೆರೆ ನೊರೆಯುಗುಳಿ ಬೆಂಕಿ ಹತ್ತಿಕೊಂಡದ್ದನ್ನು ದೇಶವೇ ನೋಡಿತು. 2024ರ ಬೇಸಿಗೆಯಲ್ಲಿ ನಗರದ ಸುಮಾರು 14 ಸಾವಿರ ಸಾರ್ವಜನಿಕ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿವೆ ಎಂದು ಸರ್ಕಾರವೇ ಹೇಳಿತು. ರಾಜಕಾಲುವೆ ಒತ್ತುವರಿಯಾಗಿ, ಮೇಲಿನ ಕೆರೆಗೂ ಕೆಳಗಿನ ಕೆರೆಗೂ ನಂಟು ಕಡಿದ ಮೇಲೆ ನಡಿಗೆ ಪಥವೆಷ್ಟು ಚೆಂದವಿದ್ದರೇನು? ಇದಕ್ಕೆ ಆಡಳಿತದ ಹಂಚಿಕೆಯೂ ಕಾರಣ. ಅಚ್ಚುಕಟ್ಟು 40 ಹೆಕ್ಟೇರ್ ದಾಟಿದರೆ ಸಣ್ಣ ನೀರಾವರಿ ಇಲಾಖೆ, ಅದಕ್ಕಿಂತ ಕಡಿಮೆಯಾದರೆ ಪಂಚಾಯತ್ ರಾಜ್, ನಗರದೊಳಗಾದರೆ ಪಾಲಿಕೆ, ಕಲ್ಯಾಣಿಯಾದರೆ ಮುಜರಾಯಿ ಅಥವಾ ಪುರಾತತ್ವ. ಸರಣಿಯ ಮೂರು ಕೆರೆಗಳಿಗೆ ಮೂರು ಒಡೆಯರು. ಪೋರುಮಾಮಿಳ್ಳದವರು ಹೇಳಿದ ಗಡಿದೋಷವನ್ನು ನಾವು ಇಲಾಖೆಗಳ ನಡುವೆಯೇ ತಂದುಕೊಂಡಿದ್ದೇವೆ.

ಈ ವಾದಕ್ಕೆ ಮೂರು ಆಕ್ಷೇಪಗಳು ಏಳುತ್ತವೆ. ಮೊದಲನೆಯದು ಪ್ರಮಾಣದ್ದು. ಕೋಟಿ ಮೀರಿದ ಜನಸಂಖ್ಯೆಯ ನಗರಕ್ಕೆ, ಈಗಿನ ಬೇಸಾಯಕ್ಕೆ, ಕೈಗಾರಿಕೆಗೆ ಹಳೆಯ ಕೆರೆ ಎಲ್ಲಿ ಸಾಲುತ್ತದೆ ಎಂಬ ಪ್ರಶ್ನೆ. ಸಾಲುವುದಿಲ್ಲ, ನಿಜ. ಬೆಂಗಳೂರಿಗೆ ಸುಮಾರು 100 ಕಿಲೋಮೀಟರ್ ದೂರದಿಂದ ಕಾವೇರಿ ಬರಲೇಬೇಕು. ಆದರೆ ಆ ಪ್ರಶ್ನೆ ಕೆರೆ ಮತ್ತು ಅಣೆಕಟ್ಟೆ ಪರಸ್ಪರ ಬದಲಿ ಎಂದು ಭಾವಿಸಿ ಹುಟ್ಟಿದ್ದು. ಕಾವೇರಿಯಿಂದ ಬಂದ ನೀರು ಬಳಕೆಯಾದ ಮೇಲೆ ಎಲ್ಲಿಗೆ ಹೋಗಬೇಕು? ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ತ್ಯಾಜ್ಯನೀರನ್ನು 2018ರಿಂದ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಎರಡನೇ ಹಂತದ ಸಂಸ್ಕರಣೆ ಸಾಲದು, ಮೂರನೇ ಹಂತವೂ ಆಗಲೇಬೇಕು ಎನ್ನುವವರ ಒತ್ತಾಯ ನ್ಯಾಯವಾದುದು. ಅದಕ್ಕೆ ಸರ್ಕಾರ ತಲೆಬಾಗಬೇಕು. ಆದರೂ ಒಂದು ಮಾತು ಗಮನಿಸಿ: ಅತ್ಯಾಧುನಿಕ ಪಂಪುಗಳ ಆ ಯೋಜನೆ ನಡೆಯುತ್ತಿರುವುದೇ ಶತಮಾನಗಳ ಹಿಂದೆ ಕಟ್ಟಿದ ಕೆರೆಗಳ ಸರಣಿ ಅಲ್ಲಿ ಇದ್ದುದರಿಂದ. ಒಂದು ಕೆರೆ ತುಂಬಿದರೆ ಕೋಡಿಯಿಂದ ಮುಂದಿನದಕ್ಕೆ ನೀರು ತಾನಾಗಿ ಇಳಿಯುತ್ತದೆ. ಅಷ್ಟು ಸಂಗ್ರಹಣೆಯನ್ನು ಇಂದು ಹೊಸದಾಗಿ ಕಟ್ಟಲು ಹೊರಟರೆ ಭೂಸ್ವಾಧೀನದ ಖರ್ಚನ್ನೇ ಭರಿಸಲಾಗದು.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದುದು, ಅದಕ್ಕೆ ಅಡ್ಡದಾರಿಯ ಉತ್ತರವಿಲ್ಲ. ನೀವು ಹೊಗಳುವ ಏರ್ಪಾಡು ಜಾತಿಯ ಏರ್ಪಾಡಾಗಿತ್ತು ಎಂಬುದು ಅದು. ಸತ್ಯ. ನೀರುಗಂಟಿಗಳು ಬಹುಪಾಲು ದಲಿತ ಸಮುದಾಯದವರು. ಪ್ರತಿ ಗದ್ದೆಗೂ ನ್ಯಾಯವಾಗಿ ನೀರು ಹಂಚಿದವರಿಗೆ ಅಚ್ಚುಕಟ್ಟಿನಲ್ಲಿ ದೊಡ್ಡ ಪಾಲಿರಲಿಲ್ಲ. ಕೆರೆಯ ಹೂಳು ಹೊತ್ತವರಿಗೆ ಊರ ಬಾವಿಯ ಹಗ್ಗ ಮುಟ್ಟುವ ಹಕ್ಕಿರಲಿಲ್ಲ. 1927ರಲ್ಲಿ ಅಂಬೇಡ್ಕರ್ ಅವರು ಮಹಾಡದ ಚೌಡಾರ್ ಕೆರೆಯ ನೀರು ಕುಡಿಯಲು ಸತ್ಯಾಗ್ರಹವನ್ನೇ ಮಾಡಬೇಕಾಯಿತು. ಹೆಣ್ಣಿನ ಕಡೆಯಿಂದ ನೋಡಿದರೂ ಅಷ್ಟೆ. ‘ಕೆರೆಗೆ ಹಾರ’ ಎಂಬ ನಮ್ಮ ಜನಪದ ಕಥನಗೀತೆಯಲ್ಲಿ ಕೆರೆಗೆ ನೀರು ಬರಲು ಕೊಡಬೇಕಾದ ಬಲಿಯನ್ನು ಹಿರಿಯರು ಮನೆಯ ಕಿರಿಸೊಸೆ ಭಾಗೀರಥಿಯ ಮೇಲೆ ಹೊರಿಸುತ್ತಾರೆ. ಲೋಕದ ಹಿತದ ಲೆಕ್ಕದಲ್ಲಿ ಯಾರ ಜೀವ ಖರ್ಚಿಗೆ ಬೀಳುತ್ತದೆ ಎಂಬುದನ್ನು ಆ ಹಾಡು ಮರೆಮಾಚದೆ ಹೇಳಿದೆ. ಜಲಪರಂಪರೆಯ ಬಗ್ಗೆ ಬರೆಯುವ ಯಾರೂ ಈ ಎರಡನ್ನು ದಾಟಿ ಮುಂದೆ ಹೋಗಬಾರದು. ಆದರೆ ಇದರಿಂದ ಹೊರಡುವ ತೀರ್ಮಾನ ಯಾವುದು? ಕೆಲಸವೇ ಬೇಡ ಎಂಬುದಲ್ಲ. ಆ ಕೆಲಸವನ್ನು ಹುಟ್ಟಿನ ಹೊರೆಯಿಂದ ಬಿಡಿಸಿ, ಸಂಬಳ, ಅಧಿಕಾರ, ಗೌರವ ಇರುವ ಸಾರ್ವಜನಿಕ ಹುದ್ದೆಯನ್ನಾಗಿ ಮಾಡಬೇಕು ಎಂಬುದು. ಶಾನುಭೋಗಿಕೆಯ ವಿಷಯದಲ್ಲಿ ನಾವು ಮಾಡಿದ್ದು ಅದನ್ನೇ. ನೀರುಗಂಟಿಕೆಯ ವಿಷಯದಲ್ಲಿ ಹುದ್ದೆಯ ಜೊತೆ ಕೆಲಸವನ್ನೂ ಕೈಬಿಟ್ಟದ್ದರಲ್ಲಿ, ಆ ಕೆಲಸ ಮಾಡುತ್ತಿದ್ದವರ ಜಾಣ್ಮೆಯನ್ನು ವಿದ್ಯೆಯೆಂದು ಎಣಿಸದ ಹಳೆಯ ತಾತ್ಸಾರವೂ ಸೇರಿದೆ ಎಂದೇ ನನ್ನ ಅನಿಸಿಕೆ.

ಮೂರನೆಯದು, ಸಮುದಾಯದ ಕೈಗೆ ಕೆರೆ ಕೊಡುವ ಪ್ರಯೋಗ ಆಗಿಹೋಗಿದೆ, ಏನೂ ಆಗಲಿಲ್ಲ ಎಂಬ ನಿರಾಸೆ. 2002ರಲ್ಲಿ ವಿಶ್ವಬ್ಯಾಂಕ್ ನೆರವಿನೊಂದಿಗೆ ಜಲ ಸಂವರ್ಧನೆ ಯೋಜನೆ ಶುರುವಾಗಿ, ಊರೂರಿಗೆ ಕೆರೆ ಬಳಕೆದಾರರ ಸಂಘಗಳಾದವು. ಹಲವು ಕೆರೆಗಳ ಏರಿ, ತೂಬು ದುರಸ್ತಿಯೂ ಆಯಿತು. ಯೋಜನೆ ಮುಗಿದ ಮೇಲೆ ಎಷ್ಟೋ ಕಡೆ ಸಂಘಗಳು ಮಂಕಾದವು. ಇದು ಸಮುದಾಯದ ಸೋಲು ಎನ್ನುವುದಕ್ಕಿಂತ ಯೋಜನೆ ಎಂಬ ರೂಪದ ಸೋಲು. ಸಂಘಕ್ಕೆ ಒಂದು ಸಲದ ಕಾಮಗಾರಿ ಸಿಕ್ಕಿತು, ವರ್ಷವರ್ಷದ ಆದಾಯ ಸಿಗಲಿಲ್ಲ. ಮೀನು ಹರಾಜು, ಕೆರೆಯಂಗಳದ ಮರ, ಮಣ್ಣು ಇವುಗಳ ಹುಟ್ಟುವಳಿ ಬೇರೆ ಬೇರೆ ಇಲಾಖೆಗಳ ಕೈಯಲ್ಲೇ ಉಳಿದರೆ ಸಂಘ ಯಾವ ದುಡ್ಡಿನಲ್ಲಿ ತೂಬು ಕಾಯಬೇಕು? ಹಳಬರು ಕೆರೆಯ ಜೊತೆಗೆ ಕೆರೆಗೊಡಗೆಯನ್ನೂ ಬಿಟ್ಟಿದ್ದು ಇದೇ ಕಾರಣಕ್ಕೆ. 2022ರಲ್ಲಿ ಆರಂಭವಾದ ಅಮೃತ ಸರೋವರ ಯೋಜನೆ ಜಿಲ್ಲೆಗೆ 75 ಕೆರೆಗಳ ಗುರಿ ಇಟ್ಟುಕೊಂಡಿತು. ತೋಡುವುದಕ್ಕೆ ಗುರಿ ಇದೆ. ತೋಡಿದ ಹತ್ತು ವರ್ಷದ ನಂತರ ಎಷ್ಟರಲ್ಲಿ ನೀರು ನಿಂತಿದೆ ಎಂದು ಎಣಿಸುವುದಕ್ಕೂ ಒಂದು ಗುರಿ ಬೇಕು.

ಆಗಬೇಕಾದದ್ದು ದೊಡ್ಡ ಕ್ರಾಂತಿಯೇನಲ್ಲ. ಪಂಚಾಯಿತಿಯ ನೀರುಗಂಟಿಯ ಹುದ್ದೆ ಈಗಾಗಲೇ ಇದೆ. ಕೆರೆಯಿರುವ ಪಂಚಾಯಿತಿಗಳಲ್ಲಿ ಅದನ್ನು ವಾಲ್ವಿನಿಂದ ತೂಬಿನವರೆಗೆ ವಿಸ್ತರಿಸಿ, ಹೆಚ್ಚುವರಿ ಕೆಲಸಕ್ಕೆ ಹೆಚ್ಚುವರಿ ನೇಮಕ ಮಾಡಬೇಕು. ಯಾವ ಜಾತಿಯವರಿಗಾದರೂ, ಹೆಂಗಸರಿಗೂ ಅದು ತೆರೆದಿರಬೇಕು. ಕಾಯಂ ಸಂಬಳ ಇರಬೇಕು, ನೀರಿನ ಮಟ್ಟ ಅಳೆಯುವ, ಒತ್ತುವರಿ ವರದಿ ಮಾಡುವ ಅಧಿಕಾರ ಇರಬೇಕು. ಕೆರೆಯ ಮೀನು, ಮಣ್ಣಿನ ಹುಟ್ಟುವಳಿ ಕಡ್ಡಾಯವಾಗಿ ಅದೇ ಕೆರೆಯ ಖಾತೆಗೆ ಬೀಳಬೇಕು. ಹೂಳೆತ್ತುವ ಅನುದಾನ ಬಿಡಿ ಕೆರೆಗೆ ಬೇಡ, ಸರಣಿಗೆ ಸಿಗಲಿ, ಮೇಲಿನ ಕೆರೆಯಿಂದ ಮೊದಲಾಗಲಿ. 2014ರ ಕೆರೆ ಸಂರಕ್ಷಣಾ ಕಾಯ್ದೆ ಕೆರೆಯಂಚಿನಿಂದ 30 ಮೀಟರ್ ಒಳಗೆ ಕಟ್ಟಡ ಬೇಡವೆಂದಿತ್ತು. ಆ ಅಂತರವನ್ನು ಇಳಿಸುವ ಯಾವ ಪ್ರಯತ್ನಕ್ಕೂ ಶಾಸಕರು ಒಪ್ಪಿಗೆ ಕೊಡಬಾರದು. ಸಣ್ಣ ಕೆರೆಗೆ ಸಣ್ಣ ಅಂಚು ಸಾಕೆಂಬ ವಾದ ಸರಣಿಯ ಲೆಕ್ಕಕ್ಕೆ ನಿಲ್ಲುವುದಿಲ್ಲ. ಮೇಲಿನ ಸಣ್ಣ ಕಟ್ಟೆಗಳು ಹೋದರೆ ಕೆಳಗಿನ ದೊಡ್ಡ ಕೆರೆ ಹೂಳಿನ ಗುಂಡಿಯಾಗುತ್ತದೆ.

ಕೆರೆ ತುಂಬಿ ಕೋಡಿ ಬಿದ್ದ ವರ್ಷ ಊರೆಲ್ಲ ಸೇರಿ ಗಂಗಾಪೂಜೆ ಮಾಡುತ್ತೇವೆ, ಶಾಸಕರನ್ನೂ ಮಂತ್ರಿಗಳನ್ನೂ ಕರೆಸಿ ಬಾಗಿನ ಕೊಡಿಸುತ್ತೇವೆ. ಅದಾಗಲಿ. ಅದರ ಜೊತೆಗೆ ಓದುಗರಲ್ಲಿ ಒಂದು ಕೋರಿಕೆ. ಮುಂದಿನ ಗ್ರಾಮಸಭೆಗೆ, ನಗರದವರಾದರೆ ಮುಂದಿನ ವಾರ್ಡ್ ಸಭೆಗೆ ಹೋಗಿ. ನಮ್ಮ ಕೆರೆಯ ತೂಬು, ಕೋಡಿ, ರಾಜಕಾಲುವೆಯನ್ನು ಈ ವರ್ಷ ನೋಡಿಕೊಳ್ಳುವವರು ಯಾರು, ಅವರಿಗೆ ಸಂಬಳ ಎಲ್ಲಿಂದ ಎಂದು ಕೇಳಿ. ಉತ್ತರವಾಗಿ ಸಿಗುವ ಹೆಸರನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಹೆಸರೇ ಇಲ್ಲವೆಂದರೆ, ಇಲ್ಲವೆಂದು ಬರೆಸಿ, ಅದರ ನಕಲನ್ನು ಕೇಳಿ ಪಡೆಯಿರಿ.